ಉಕ್ಕು ಮತ್ತು ಉಸಿರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಹಿಂದೆ ಊರ ಅಂಚಿನಲ್ಲಿ ಕಮ್ಮಾರನ ಕುಲುಮೆಯೊಂದು ಕಾಣಿಸುತ್ತಿತ್ತು. ಮಳೆಗಾಲಕ್ಕೆ ಮುನ್ನ ರೈತರು ಕುಂಟೆಯ ಕುಡ, ನೇಗಿಲಿನ ಗುಳ, ಕುಡುಗೋಲುಗಳನ್ನು ಹೊತ್ತು ತಂದು ಅಲ್ಲಿ ಸಾಲುಗಟ್ಟಿ ಕುಳಿತುಕೊಳ್ಳುತ್ತಿದ್ದರು. ಒಬ್ಬನು ತೊಗಲಿನ ತಿದಿಯನ್ನು ಒತ್ತುತ್ತಿದ್ದನು. ತಿದಿ ಉಬ್ಬಿದಾಗ ಗಾಳಿ ಒಳಗೆ ತುಂಬುತ್ತಿತ್ತು. ಕುಗ್ಗಿದಾಗ ಇದ್ದಿಲು ಕೆಂಪೇರುತ್ತಿತ್ತು. ಚಿಕ್ಕವನಾಗಿದ್ದಾಗ ನಾನು ಅದನ್ನು ಎಷ್ಟೋ ಹೊತ್ತು ನೋಡುತ್ತ ನಿಂತದ್ದುಂಟು. ತಿದಿ ಹರಿದರೆ ಕುಲುಮೆ ತಣ್ಣಗಾಗುವುದೆಂದು ಕಮ್ಮಾರನು ಅದನ್ನು ಕಣ್ಣಿನಂತೆ ಕಾಪಾಡಿಕೊಳ್ಳುತ್ತಿದ್ದನು. ಆದರೆ ಅದೇ ಕಮ್ಮಾರನ ಎದೆಯೊಳಗೂ ಎರಡು ತಿದಿಗಳಿವೆ, ಅವು ಹರಿದರೆ ಹೊಲಿಯುವವರಿಲ್ಲ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಆ ಕುಲುಮೆಯೇ ಬೃಹತ್ತಾಗಿ ಬೆಳೆದು ಇಂದಿನ ಉಕ್ಕಿನ ಕಾರ್ಖಾನೆಯಾಗಿದೆ. ಕನ್ನಡಿಗರಿಗೆ ಉಕ್ಕು ಹೊಸದಲ್ಲ. ದಕ್ಷಿಣ ಭಾರತದ ಉಕ್ಕು ಪಾಶ್ಚಾತ್ಯ ದೇಶಗಳಲ್ಲಿ ‘ವೂಟ್ಸ್’ ಎಂದು ಪ್ರಸಿದ್ಧವಾಗಿತ್ತು. ಆ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆಧುನಿಕ ಕಾಲದಲ್ಲಿ, 1923ರಲ್ಲಿ, ಭದ್ರಾವತಿಯ ಊದುಕುಲುಮೆ ಕಬ್ಬಿಣವನ್ನು ಕೊಡಲಾರಂಭಿಸಿತು. ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಅದರ ಮೊದಲ ಇಂಧನ. 1971ರಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಬಿದ್ದಿತು. 1990ರ ದಶಕದಲ್ಲಿ ಅಲ್ಲಿ ಭಾರಿ ಕಾರ್ಖಾನೆಯೊಂದು ತಲೆಯೆತ್ತಿತು. ಬೆಳಗಾವಿ, ಕೊಲ್ಲಾಪುರಗಳಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳು ನೂರಾರು ಸಂಖ್ಯೆಯಲ್ಲಿವೆ. ನಮ್ಮ ಮನೆಯ ಬಾಗಿಲ ಚಿಲಕದಿಂದ ಹಿಡಿದು ಆಲಮಟ್ಟಿ ಅಣೆಕಟ್ಟಿನ ಕ್ರೆಸ್ಟ್ ಗೇಟುಗಳವರೆಗೆ ಉಕ್ಕಿಲ್ಲದ ಬದುಕನ್ನು ನಾವು ಊಹಿಸಲಾರೆವು.

ನಮ್ಮ ಈ ತಾಲ್ಲೂಕುಗಳಲ್ಲಿ ಉಕ್ಕಿನ ದೊಡ್ಡ ಕಾರ್ಖಾನೆಗಳಿಲ್ಲ. ಆದರೂ ಈ ಪಾಠ ನಮ್ಮದೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿಯ ಜನ ಗುಳೆ ಹೋಗುವುದು ಹಳೆಯ ಮಾತು. ಇಂಡಿಯವರು, ಬಾಗೇವಾಡಿಯವರು ರೈಲು ಹತ್ತಿ, ಸಿಂದಗಿ, ಮುದ್ದೇಬಿಹಾಳಗಳವರು ಬಸ್ಸು ಹಿಡಿದು ಸೊಲ್ಲಾಪುರ, ಪುಣೆ, ಮುಂಬಯಿ, ಗೋವೆಗಳ ದಾರಿ ಹಿಡಿಯುತ್ತಾರೆ. ಕೆಲವರು ಮಣ್ಣು ಹೊರುತ್ತಾರೆ, ಕೆಲವರು ಕಲ್ಲು ಒಡೆಯುತ್ತಾರೆ, ಕೆಲವರು ಬೆಂಕಿಯ ಮುಂದೆ ನಿಲ್ಲುತ್ತಾರೆ. ಮುಪ್ಪಿನಲ್ಲಿ ಬಹುಮಂದಿ ಊರಿಗೆ ಮರಳುತ್ತಾರೆ. ಕಾರ್ಖಾನೆಯ ಹೊಗೆ ಅಲ್ಲಿಯೇ ಉಳಿಯಿತೆಂದು ಅವರು ತಿಳಿಯುತ್ತಾರೆ. ಎಲ್ಲ ಸಲವೂ ಅದು ಅಲ್ಲಿಯೇ ಉಳಿದಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣಲು ಬಂದನು. ಇಂಡಿ ತಾಲ್ಲೂಕಿನ ರೈತರ ಮಗ. ಓದನ್ನು ನಡುವೆಯೇ ಬಿಟ್ಟು, ಹೊರರಾಜ್ಯದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸಕ್ಕೆ ಸೇರಿದ್ದನು. ಅಲ್ಲಿ ಉಳಿಸಿದ ಹಣದಿಂದ ಊರಲ್ಲಿ ಬಾವಿ ತೋಡಿಸಿ ಒಂದೂವರೆ ಎಕರೆ ನಿಂಬೆಯ ತೋಟ ಮಾಡಿದ್ದನು. ಬಂದವನ ಮೈ ಇಳಿದಿತ್ತು. ಎರಡು ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು. ಅವನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ:

“ಬಟ್ಟಿ ಮ್ಯಾಲ ಇಪ್ಪತ್ತೆರಡು ವರ್ಷ ನಿಂತೀನ್ರಿ ಸರ. ಆವಾಗ ಒಂದು ದಿನಾನೂ ಜಡ್ಡಂತ ಮಲಗಿದವ ಅಲ್ಲ. ಎಲ್ಲಾ ಬಿಟ್ಟು ಊರಿಗೆ ಬಂದೀನಿ. ಈಗ ಈ ಚಲೋ ಗಾಳ್ಯಾಗ ಈ ಕೆಮ್ಮ ಯಾಕ ಬಂತ್ರಿ?”

ನನ್ನ ಬಳಿ ಉತ್ತರವಿರಲಿಲ್ಲ. ಜೀವಮಾನವೆಲ್ಲ ವ್ಯಾಕರಣ ಕಲಿಸಿದವನಿಗೆ ಆ ಪ್ರಶ್ನೆಯ ಉತ್ತರ ತಿಳಿಯಲು ಬಹಳ ಓದಬೇಕಾಯಿತು. ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಅವನು ‘ಬಟ್ಟಿ’ ಎಂದದ್ದು ಕೋಕ್ ಒಲೆಯನ್ನು. ಊದುಕುಲುಮೆಗೆ ಕಲ್ಲಿದ್ದಲನ್ನು ಹಾಗೆಯೇ ಹಾಕಿದರೆ ಸಾಲದು. ಅದನ್ನು ಮೊದಲು ಕೋಕ್ ಆಗಿ ಮಾರ್ಪಡಿಸಬೇಕು. ಅದಕ್ಕಾಗಿ ಇಟ್ಟಿಗೆಯಿಂದ ಕಟ್ಟಿದ ಎತ್ತರವಾದ, ಇಕ್ಕಟ್ಟಾದ ಒಲೆಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅವುಗಳ ನೆತ್ತಿಯ ಮೇಲಿನ ರಂಧ್ರಗಳಿಂದ ಕಲ್ಲಿದ್ದಲನ್ನು ಸುರಿದು, ಮುಚ್ಚಳ ಹಾಕಿ, ಗಾಳಿ ತಾಗದಂತೆ 1000 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖದಲ್ಲಿ ಹದಿನೈದು ಗಂಟೆಗಳಿಗೂ ಹೆಚ್ಚು ಕಾಲ ಕಾಯಿಸುತ್ತಾರೆ. ಆಗ ಕಲ್ಲಿದ್ದಲಿನೊಳಗಿನ ಡಾಂಬರು, ಬೆಂಜೀನ್, ಅಮೋನಿಯ ಮುಂತಾದವು ಆವಿಯಾಗಿ ಹೊರಬೀಳುತ್ತವೆ. ಈ ಆವಿಯನ್ನು ಕೊಳವೆಗಳಿಂದ ಸಾಗಿಸಿ ಉಪಯುಕ್ತ ವಸ್ತುಗಳನ್ನು ಪಡೆಯುತ್ತಾರೆ. ಆದರೆ ಮುಚ್ಚಳ ತೆರೆದಾಗ, ಬಾಗಿಲು ಸಡಿಲವಾದಾಗ, ಬೆಂದ ಕೋಕನ್ನು ಹೊರಕ್ಕೆ ನೂಕುವಾಗ, ಹಳದಿ ಮಿಶ್ರಿತ ಕಂದು ಹೊಗೆ ನುಗ್ಗಿ ಬರುತ್ತದೆ. ಒಲೆಯ ನೆತ್ತಿಯ ಮೇಲೆ ನಿಂತು ಮುಚ್ಚಳ ತೆಗೆದು ಹಾಕುವವನು ಆ ಹೊಗೆಯ ನಡುವೆಯೇ ದುಡಿಯುತ್ತಾನೆ. ನನ್ನ ವಿದ್ಯಾರ್ಥಿಯ ಕೆಲಸ ಅದೇ ಆಗಿತ್ತು.

ಅಪಾಯ ಕೋಕ್ ಒಲೆಗೆ ಮಾತ್ರ ಸೀಮಿತವಲ್ಲ. ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚಿಗೆ ಕಲ್ಲಿದ್ದಲ ಪುಡಿಯನ್ನೂ ಅಂಟುವ ರಾಳಗಳನ್ನೂ ಬೆರೆಸುತ್ತಾರೆ. ಕರಗಿದ ಕಬ್ಬಿಣವನ್ನು ಹೊಯ್ದ ಕೂಡಲೆ ಅವು ಸುಟ್ಟು ಹೊಗೆಯಾಗುತ್ತವೆ. ಎರಕ ಆರಿದ ಮೇಲೆ ಅಚ್ಚನ್ನು ಒಡೆದು ಉಜ್ಜುವಾಗ ಮರಳಿನ ಸಿಲಿಕಾ ಧೂಳು ಏಳುತ್ತದೆ. ಹಿಂದೆ ಶಾಖವನ್ನು ತಡೆಯಲು ಕೈಚೀಲ, ಹೊದಿಕೆಗಳಿಗೆ ಕಲ್ನಾರನ್ನು ಧಾರಾಳವಾಗಿ ಬಳಸುತ್ತಿದ್ದರು. ಅದರ ಎಳೆಗಳೂ ಉಸಿರಿನಲ್ಲಿ ಸೇರುತ್ತಿದ್ದವು. ತುಕ್ಕು ಹಿಡಿಯದ ಉಕ್ಕನ್ನು ಬೆಸೆಯುವಾಗ ಕ್ರೋಮಿಯಂ, ನಿಕ್ಕಲ್‌ಗಳ ಧೂಮ ಏಳುತ್ತದೆ. ಇವೆಲ್ಲವೂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲವೆಂದು ಸಿದ್ಧಪಟ್ಟಿದೆ.

ಈ ಹೊಗೆ ದೇಹದೊಳಗೆ ಏನು ಮಾಡುತ್ತದೆ? ವಿಶ್ರಾಂತಿಯಲ್ಲಿರುವ ಮನುಷ್ಯನು ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾನೆ. ಪ್ರತಿ ಸಲವೂ ಅರ್ಧ ಲೀಟರಿನಷ್ಟು ಗಾಳಿಯನ್ನು ಒಳಗೆಳೆಯುತ್ತಾನೆ. ಮೈಮುರಿದು ದುಡಿಯುವಾಗ ಇದು ಹಲವು ಪಟ್ಟು ಹೆಚ್ಚುತ್ತದೆ. ಹೆಚ್ಚು ದುಡಿಯುವವನು ಹೆಚ್ಚು ಹೊಗೆಯನ್ನು ಸೇವಿಸುತ್ತಾನೆ ಎಂಬುದು ಇಲ್ಲಿಯ ಕ್ರೂರವಾದ ಲೆಕ್ಕ. ದೊಡ್ಡ ಕಣಗಳನ್ನು ಮೂಗಿನ ಕೂದಲು, ಗಂಟಲಿನ ಅಂಟು ಹಿಡಿದು ನಿಲ್ಲಿಸುತ್ತವೆ. ಉಸಿರ್ನಾಳದ ಒಳಮೈಯಲ್ಲಿರುವ ನವಿರಾದ ರೋಮಗಳು ಕಸಬರಿಗೆಯಂತೆ ಆಡುತ್ತ ಕೊಳೆಯನ್ನು ಮೇಲಕ್ಕೆ ತಳ್ಳುತ್ತವೆ. ಆದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗಕ್ಕಿಂತ ಸಣ್ಣದಾದ ಕಣಗಳು ಈ ಕಾವಲನ್ನೆಲ್ಲ ತಪ್ಪಿಸಿಕೊಂಡು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಸೇರುತ್ತವೆ. ನಮ್ಮ ಎದೆಯೊಳಗೆ ಇಂಥ ಗೂಡುಗಳು ಕೋಟಿಗಟ್ಟಲೆ ಇವೆ. ಅಲ್ಲಿಗೆ ಸೇರಿದ ಡಾಂಬರಿನ ಕಣದಲ್ಲಿ ಬೆಂಜೋಪೈರೀನ್ ಎಂಬ ವಸ್ತುವಿರುತ್ತದೆ. ದೇಹವು ಅದನ್ನು ಕರಗಿಸಿ ಹೊರಹಾಕಲು ಯತ್ನಿಸುತ್ತದೆ. ಆ ಯತ್ನದಲ್ಲಿಯೇ ಅದು ಇನ್ನೊಂದು ರೂಪ ತಾಳಿ, ಜೀವಕೋಶದ ವಂಶವಾಹಿಗೆ ಅಂಟಿಕೊಂಡು, ಅಲ್ಲಿಯ ಬರಹವನ್ನು ತಿದ್ದಿಬಿಡುತ್ತದೆ. ತಪ್ಪು ಬರಹವನ್ನು ಓದಿದ ಜೀವಕೋಶ ಎಲ್ಲೆ ಮೀರಿ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್.

ಈ ಸತ್ಯ ಒಂದೇ ದಿನದಲ್ಲಿ ತಿಳಿದುದಲ್ಲ. ಇಟಲಿಯ ಮೊಡೆನಾ ನಗರದಲ್ಲಿ ರಾಮಝೀನಿ ಎಂಬ ವೈದ್ಯನಿದ್ದನು. ಅವನು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಪ್ರಾಚೀನ ಗ್ರೀಕ್ ವೈದ್ಯರು ಹೇಳಿದ್ದರು, ಅವುಗಳ ಜೊತೆಗೆ “ನಿನ್ನ ಕಸುಬು ಯಾವುದು?” ಎಂಬ ಪ್ರಶ್ನೆಯನ್ನೂ ಕೇಳಬೇಕೆಂದು ಅವನು ವಿಧಿಸಿದನು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡುಗಳನ್ನು ಗುಡಿಸುತ್ತಿದ್ದವರಿಗೆ ಬರುತ್ತಿದ್ದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ತೋರಿಸಿದನು. 1915ರಲ್ಲಿ ಜಪಾನಿನ ಯಾಮಗಿವ, ಇಚಿಕಾವ ಎಂಬ ವಿಜ್ಞಾನಿಗಳು ಮೊಲದ ಕಿವಿಗೆ ಮತ್ತೆ ಮತ್ತೆ ಡಾಂಬರು ಸವರಿ, ಅದರಿಂದ ಕ್ಯಾನ್ಸರ್ ಹುಟ್ಟುವುದನ್ನು ಪ್ರಯೋಗದಿಂದಲೇ ಸಾಧಿಸಿದರು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಡಾಂಬರಿನಿಂದ ಬೆಂಜೋಪೈರೀನನ್ನು ಬೇರ್ಪಡಿಸಿದರು. 1936ರಲ್ಲಿ ಜಪಾನಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕಲ್ಲಿದ್ದಲ ಅನಿಲ ತಯಾರಿಸುತ್ತಿದ್ದ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿರುವುದು ವರದಿಯಾಯಿತು. 1952ರಲ್ಲಿ ರಿಚರ್ಡ್ ಡಾಲ್ ಇಂಗ್ಲೆಂಡಿನ ಅನಿಲ ಕಾರ್ಖಾನೆಗಳ ಕೆಲಸಗಾರರಲ್ಲಿಯೂ ಇದನ್ನೇ ಕಂಡನು.

ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿದ್ದು ಅಮೆರಿಕದ ಒಂದು ಅಧ್ಯಯನ. ಪೆನ್ಸಿಲ್ವೇನಿಯ ರಾಜ್ಯದ ಉಕ್ಕಿನ ಕಾರ್ಖಾನೆಗಳಲ್ಲಿ 1953ರಲ್ಲಿ ದುಡಿಯುತ್ತಿದ್ದ ಸುಮಾರು 59,000 ಜನರ ಜೀವನವನ್ನು ಸಂಶೋಧಕರು ವರ್ಷಗಟ್ಟಲೆ ಅನುಸರಿಸಿದರು. 1971ರಲ್ಲಿ ವಿಲಿಯಂ ಲಾಯ್ಡ್ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಕೋಕ್ ಒಲೆಗಳ ಬಳಿ ದುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ನಿರೀಕ್ಷೆಗಿಂತ ಎರಡೂವರೆ ಪಟ್ಟು. ಒಲೆಯ ನೆತ್ತಿಯ ಮೇಲೆಯೇ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ದುಡಿದವರಲ್ಲಿ ಹತ್ತು ಪಟ್ಟು.

ಈ ಅಧ್ಯಯನದಲ್ಲಿ ನಾವು ಮನನ ಮಾಡಬೇಕಾದ ಇನ್ನೊಂದು ಅಂಶವಿದೆ. ಮೊದಲ ನೋಟಕ್ಕೆ ಈ ಕಾಯಿಲೆ ಕರಿಯರಲ್ಲಿ ಹೆಚ್ಚೆಂದು ತೋರುತ್ತಿತ್ತು. ಜನಾಂಗವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಯಾರು ಎಲ್ಲಿ ನಿಂತು ದುಡಿದರು ಎಂದು ವಿಂಗಡಿಸಿ ನೋಡಿದಾಗ, ನೆತ್ತಿಯ ಮೇಲಿನ ಕೆಲಸಕ್ಕೆ ಬಹುಮಟ್ಟಿಗೆ ಅವರನ್ನೇ ಹಚ್ಚಿದ್ದು ಗೊತ್ತಾಯಿತು. ರೋಗ ಹಿಡಿದದ್ದು ಮೈಬಣ್ಣವನ್ನಲ್ಲ, ನಿಂತ ಜಾಗವನ್ನು. ಎಲ್ಲ ದೇಶಗಳಲ್ಲಿಯೂ ಅತಿ ಕಷ್ಟದ, ಅತಿ ಹೊಗೆಯ ಜಾಗ ಸಿಗುವುದು ಕೇಳುವವರಿಲ್ಲದವರಿಗೆ. ದೂರದ ಊರಿನಿಂದ ಬಂದ ಗುತ್ತಿಗೆಯ ಕೂಲಿಗಾರನಿಗೆ ಜಾಗ ಆರಿಸಿಕೊಳ್ಳುವ ಅಧಿಕಾರವೆಲ್ಲಿ?

ಲಾಯ್ಡ್‌ನ ವರದಿಯ ನಂತರ, 1976ರಲ್ಲಿ, ಅಮೆರಿಕದ ಸರ್ಕಾರವು ಕೋಕ್ ಒಲೆಗಳ ಹೊಗೆಗೆ ಮಿತಿ ಗೊತ್ತುಮಾಡಿ ನಿಯಮ ರೂಪಿಸಿತು. 1987ರ ವೇಳೆಗೆ ಕೋಕ್ ತಯಾರಿಕೆ ಹಾಗೂ ಕಬ್ಬಿಣ ಮತ್ತು ಉಕ್ಕಿನ ಎರಕದ ಕೆಲಸ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ಖಚಿತವಾದ ಮೊದಲ ವರ್ಗದಲ್ಲಿ ಸೇರಿಸಿತ್ತು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಮರಳೋಣ. ಒಳ್ಳೆಯ ಗಾಳಿಗೆ ಬಂದ ಮೇಲೆ ಕೆಮ್ಮು ಏಕೆ ಬಂದಿತು? ಜೋಳ ಬಿತ್ತಿದರೆ ನಾಲ್ಕೈದು ತಿಂಗಳಿಗೆ ತೆನೆ ಕಾಣುತ್ತದೆ. ನಿಂಬೆ ನೆಟ್ಟರೆ ಫಲಕ್ಕೆ ಕೆಲವು ವರ್ಷ ಕಾಯಬೇಕು. ಈ ರೋಗದ ಬೀಜ ಮೊಳೆತು ಕಾಣಿಸಿಕೊಳ್ಳಲು ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳೇ ಹಿಡಿಯುತ್ತವೆ. ಕಾರ್ಖಾನೆಯಲ್ಲಿ ಬಿತ್ತಿದ್ದು ನಿಂಬೆಯ ತೋಟದಲ್ಲಿ ಬೆಳೆಯಿತು. ಬಿತ್ತಿದ ಜಾಗಕ್ಕೂ ಬೆಳೆದ ಜಾಗಕ್ಕೂ ನೂರಾರು ಮೈಲಿಗಳ ಅಂತರವಿದ್ದುದರಿಂದ ಅವೆರಡರ ಸಂಬಂಧ ಯಾರಿಗೂ ಕಾಣಲಿಲ್ಲ. ಕಾರ್ಖಾನೆಯ ದಾಖಲೆಯಲ್ಲಿ ಅವನು ಆರೋಗ್ಯವಂತನಾಗಿಯೇ ಕೆಲಸ ಬಿಟ್ಟವನು. ಊರಿನ ಲೆಕ್ಕದಲ್ಲಿ ಅವನು ಕೆಮ್ಮಿನಿಂದ ನರಳಿದ ಒಬ್ಬ ರೈತ. ಎರಡು ಲೆಕ್ಕಗಳನ್ನೂ ಕೂಡಿಸಿ ನೋಡುವವರಿಲ್ಲ.

ಇನ್ನೊಂದು ತೊಡಕೂ ಉಂಟು. ನಮ್ಮ ಕಡೆ ಬಹುದಿನದ ಕೆಮ್ಮೆಂದರೆ ಮೊದಲು ನೆನಪಾಗುವುದು ಕ್ಷಯ. ಅದು ತಪ್ಪಲ್ಲ, ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಅಗತ್ಯವಾಗಿ ಆಗಬೇಕು. ಆದರೆ ಪರೀಕ್ಷೆಯಲ್ಲಿ ಕ್ಷಯ ಕಾಣದಿದ್ದರೂ ಅದೇ ಔಷಧಿಯನ್ನು ತಿಂಗಳುಗಟ್ಟಲೆ ನುಂಗುತ್ತ ಕುಳಿತರೆ, ಬೆಲೆಬಾಳುವ ಸಮಯ ಕೈಬಿಟ್ಟು ಹೋಗುತ್ತದೆ. ನನ್ನ ವಿದ್ಯಾರ್ಥಿಗೆ ಆದದ್ದೂ ಅದೇ. ಏಳು ತಿಂಗಳ ಮೇಲೆ ದೊಡ್ಡ ಪಟ್ಟಣದ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬಳು ಅವನನ್ನು ಕೇಳಿದಳು: “ತೋಟಕ್ಕಿಂತ ಮೊದಲು ಏನು ಕೆಲಸ ಮಾಡುತ್ತಿದ್ದಿರಿ?” ರಾಮಝೀನಿ ಮುನ್ನೂರು ವರ್ಷಗಳ ಹಿಂದೆ ಕಲಿಸಿದ ಪ್ರಶ್ನೆಯನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಷ್ಟು ಹೊತ್ತಿಗೆ ರೋಗ ಎದೆಯನ್ನು ದಾಟಿತ್ತು. ಮುಂದಿನ ನಿಂಬೆಯ ಕಾಯಿಯನ್ನು ಅವನು ಕಾಣಲಿಲ್ಲ.

ಅವನು ಬೀಡಿ ಸೇದುತ್ತಿದ್ದನೆಂಬುದನ್ನೂ ಮರೆಮಾಚಬಾರದು. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನವೇ ಅತಿ ದೊಡ್ಡ ಕಾರಣ. ಹೊಗೆಯ ಕೆಲಸವೂ ಬೀಡಿಯ ಚಟವೂ ಕೂಡಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಕಲ್ನಾರಿನ ಧೂಳು, ತಂಬಾಕಿನ ಹೊಗೆ ಎರಡೂ ಸೇರಿದಾಗ ಅಪಾಯ ಬರಿಯ ಕೂಡಿಕೆಯ ಲೆಕ್ಕವನ್ನು ಮೀರಿ ಏರುವುದೆಂದು 1968ರಲ್ಲಿಯೇ ತಿಳಿದುಬಂದಿತ್ತು. ಆದುದರಿಂದ ಕೆಲಸಗಾರನು ಬೀಡಿಯನ್ನು ಬಿಡಲೇಬೇಕು. ಆದರೆ “ಅವನು ಬೀಡಿ ಸೇದುತ್ತಿದ್ದ” ಎಂಬ ಒಂದೇ ಮಾತಿನಿಂದ ಇಪ್ಪತ್ತೆರಡು ವರ್ಷಗಳ ಡಾಂಬರಿನ ಹೊಗೆಯನ್ನು ಅಳಿಸಿಹಾಕುವುದು ನ್ಯಾಯವಲ್ಲ.

ಹಾಗಾದರೆ ಉಕ್ಕು ಬೇಡವೇ? ಬೇಕು. ಉಸಿರೂ ಬೇಕು. ಇವೆರಡಕ್ಕೂ ವಿರೋಧವಿಲ್ಲ. ಒಲೆಯ ಬಾಗಿಲು, ಮುಚ್ಚಳಗಳನ್ನು ಹೊಗೆ ಸೋರದಂತೆ ಭದ್ರಪಡಿಸಬಹುದು. ಹೊಗೆಯನ್ನು ಹುಟ್ಟಿದಲ್ಲಿಯೇ ಹೀರುವ ಯಂತ್ರಗಳಿವೆ. ಧೂಳು ಏಳದಂತೆ ಮರಳನ್ನು ತೇವಗೊಳಿಸಬಹುದು. ಕಲ್ನಾರಿನ ಬದಲಿಗೆ ಬೇರೆ ವಸ್ತುಗಳಿವೆ. ನೆತ್ತಿಯ ಮೇಲೆ ಒಬ್ಬನೇ ವರ್ಷವಿಡೀ ನಿಲ್ಲದಂತೆ ಸರದಿ ಏರ್ಪಡಿಸಬಹುದು. ಇವೆಲ್ಲವನ್ನೂ ಮಾಡಿದ ಮೇಲೆ ಕೊನೆಯ ರಕ್ಷಣೆಯಾಗಿ ಮುಖಕ್ಕೆ ಸರಿಯಾಗಿ ಕೂಡುವ ಶೋಧಕವನ್ನು ಕೊಡಬೇಕು. ಮೂಗಿಗೆ ಸುತ್ತಿಕೊಂಡ ಟವೆಲು ಕಣ್ಣಿಗೆ ಕಾಣುವ ಧೂಳನ್ನು ತಡೆದೀತು; ಕೊಲ್ಲುವ ಸೂಕ್ಷ್ಮ ಕಣವನ್ನು ತಡೆಯದು. ಊಟಕ್ಕೆ ಮುನ್ನ ಕೈಮುಖ ತೊಳೆಯಲು, ಮನೆಗೆ ಹೊರಡುವ ಮುನ್ನ ಮಿಂದು ಬಟ್ಟೆ ಬದಲಿಸಲು ಅನುಕೂಲವಿರಬೇಕು.

ಕಾನೂನೂ ಇದನ್ನು ಒಪ್ಪಿದೆ. 1948ರ ಕಾರ್ಖಾನೆಗಳ ಕಾಯಿದೆಗೆ, ಭೋಪಾಲ ದುರಂತದ ತರುವಾಯ, 1987ರಲ್ಲಿ ಅಪಾಯಕರ ಪ್ರಕ್ರಿಯೆಗಳನ್ನು ಕುರಿತ ಹೊಸ ಅಧ್ಯಾಯ ಸೇರಿತು. ಉಕ್ಕಿನ ಕಾರ್ಖಾನೆ, ಫೌಂಡ್ರಿ, ಕೋಕ್ ಒಲೆಗಳು ಅದರ ಪಟ್ಟಿಯಲ್ಲಿದ್ದವು. ತಾನು ದುಡಿಯುವ ಜಾಗದ ಅಪಾಯವನ್ನು ತಿಳಿಯುವ ಹಕ್ಕನ್ನು ಅದು ಕೆಲಸಗಾರನಿಗೆ ನೀಡಿತು. ಅಪಾಯಕರ ವಸ್ತುಗಳ ಕೆಲಸಕ್ಕೆ ಹಚ್ಚುವ ಮೊದಲು, ಕೆಲಸದ ಅವಧಿಯಲ್ಲಿ, ಅಷ್ಟೇ ಅಲ್ಲ, ಆ ಕೆಲಸ ಬಿಟ್ಟ ಮೇಲೆಯೂ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ಪರೀಕ್ಷೆ ನಡೆಯಬೇಕೆಂದು ವಿಧಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿಯೂ ಅಪಾಯಕರ ಪ್ರಕ್ರಿಯೆಗಳ ನಿಯಮಗಳು ಸೇರಿವೆ. ಆದರೆ ಹಕ್ಕು ಇದೆಯೆಂದು ತಿಳಿಯದವನಿಗೆ ಕಾನೂನು ಕಪಾಟಿನೊಳಗಿನ ಪುಸ್ತಕ ಮಾತ್ರ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಒಂದಿದೆ. ನಿಮ್ಮ ಮನೆಯ ಹಿರಿಯರು ಗುಳೆ ಹೋಗಿ ದುಡಿದವರಾಗಿದ್ದರೆ, ಯಾವ ಊರಿನಲ್ಲಿ, ಎಂಥ ಕಾರ್ಖಾನೆಯಲ್ಲಿ, ಎಷ್ಟು ವರ್ಷ, ಯಾವ ಜಾಗದಲ್ಲಿ ನಿಂತು ದುಡಿದರು ಎಂಬುದನ್ನು ಕೇಳಿ ಒಂದು ಹಾಳೆಯ ಮೇಲೆ ಬರೆದಿಡಿ. ಬಹುದಿನದ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ಏದುಸಿರು, ದನಿ ಒಡೆಯುವುದು, ಕಾರಣವಿಲ್ಲದೆ ಮೈ ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ದು ಆ ಹಾಳೆಯನ್ನು ತೋರಿಸಿ. ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವೆಂದು ನಾಡಿಗೆಲ್ಲ ತಿಳಿದಿದೆ. ಶರಣರು ಕಾಯಕಕ್ಕೆ ಪೂಜೆಗಿಂತ ಮಿಗಿಲಾದ ಸ್ಥಾನ ಕೊಟ್ಟರು. ಕಾಯಕ ಎಂಬ ಪದದೊಳಗೆ ‘ಕಾಯ’ವಿದೆ, ಕಾಯದಿಂದ ಮಾಡುವುದೇ ಕಾಯಕ. ಕಾಯಕವನ್ನು ಗೌರವಿಸುವವರು ಕಾಯವನ್ನು ಮರೆಯಲಾಗದು. ಊರ ಕಮ್ಮಾರನು ತೊಗಲಿನ ತಿದಿಯನ್ನು ಕಾಪಾಡಿದಷ್ಟು ಜತನದಿಂದ ನಾವು ಕೆಲಸಗಾರನ ಎದೆಯ ತಿದಿಯನ್ನು ಕಾಪಾಡಬೇಕಾಗಿದೆ.

ನನ್ನ ವಿದ್ಯಾರ್ಥಿಯ ಮಗ ಕಳೆದ ವರ್ಷ ಫೌಂಡ್ರಿಯೊಂದಕ್ಕೆ ಕೆಲಸಕ್ಕೆ ಹೊರಟನು. ಹೋಗಬೇಡವೆಂದು ಹೇಳುವ ಧೈರ್ಯ ನನಗಾಗಲಿಲ್ಲ, ಮನೆ ನಡೆಯಬೇಕಲ್ಲ. ಹೊರಡುವ ಮುನ್ನ ಅವನು, “ಅಲ್ಲಿ ಹೋಗಿ ಮೊದಲ ಏನ ಕೇಳಲಿರಿ ಸರ?” ಎಂದನು. ಅವನ ತಂದೆ ಇಪ್ಪತ್ತೆರಡು ವರ್ಷಗಳ ನಂತರ ಕೇಳಿದ ಪ್ರಶ್ನೆಯನ್ನು ಮಗ ಮೊದಲ ದಿನವೇ ಕೇಳಿದನು. ನಾನು ಹೇಳಿದೆ: “ಹೊಗೆ ಎಲ್ಲಿಂದ ಬರತೈತಿ, ಎಲ್ಲಿಗೆ ಹೋಗತೈತಿ ಅಂತ ಕೇಳಪ್ಪಾ.”

ಅಭ್ಯಾಸ

ಅ) ಪದಗಳ ಅರ್ಥ
ತಿದಿ = ಗಾಳಿ ಊದುವ ಚರ್ಮದ ಚೀಲ
ಗುಳೆ = ದುಡಿಮೆಗಾಗಿ ಊರು ಬಿಟ್ಟು ಹೋಗುವುದು
ಊದುಕುಲುಮೆ = ಬಿಸಿಗಾಳಿಯನ್ನು ಊದಿ ಅದಿರಿನಿಂದ ಕಬ್ಬಿಣ ತೆಗೆಯುವ ದೊಡ್ಡ ಕುಲುಮೆ
ಕಲ್ನಾರು = ಬೆಂಕಿಗೆ ಸುಡದ, ನಾರಿನಂಥ ಖನಿಜ
ಜತನ = ಎಚ್ಚರಿಕೆಯಿಂದ ಕಾಪಾಡುವಿಕೆ

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಭದ್ರಾವತಿಯ ಊದುಕುಲುಮೆಯ ಮೊದಲ ಇಂಧನ ಯಾವುದು?
2. ರೋಗಿಯನ್ನು ಯಾವ ಪ್ರಶ್ನೆ ಕೇಳಬೇಕೆಂದು ರಾಮಝೀನಿ ವಿಧಿಸಿದನು?
3. ಮೂಗಿಗೆ ಸುತ್ತಿದ ಟವೆಲು ಏಕೆ ಸಾಲದು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕೋಕ್ ಒಲೆಯಲ್ಲಿ ಹೊಗೆ ಯಾವ ಯಾವ ಸಂದರ್ಭಗಳಲ್ಲಿ ಹೊರಬರುತ್ತದೆ?
2. ಲಾಯ್ಡ್‌ನ ಅಧ್ಯಯನದಿಂದ ತಿಳಿದುಬಂದ ಸಂಗತಿಗಳಾವುವು?
3. ಕಾರ್ಖಾನೆ ಬಿಟ್ಟ ಬಹಳ ವರ್ಷಗಳ ಮೇಲೆ ರೋಗ ಕಾಣಿಸಿಕೊಳ್ಳುವುದರಿಂದ ಆಗುವ ತೊಂದರೆಗಳೇನು?

ಈ) ಸಂದರ್ಭ ಸೂಚಿಸಿ ವಿವರಿಸಿರಿ.
1. “ಈಗ ಈ ಚಲೋ ಗಾಳ್ಯಾಗ ಈ ಕೆಮ್ಮ ಯಾಕ ಬಂತ್ರಿ?”
2. “ರೋಗ ಹಿಡಿದದ್ದು ಮೈಬಣ್ಣವನ್ನಲ್ಲ, ನಿಂತ ಜಾಗವನ್ನು.”

ಉ) ನಿಮ್ಮ ಊರಿನಲ್ಲಿ ಹೊರಗೆ ದುಡಿದು ಬಂದ ಹಿರಿಯರೊಬ್ಬರನ್ನು ಕಂಡು, ಅವರ ಕೆಲಸದ ವಿವರಗಳನ್ನು ಕೇಳಿ ಒಂದು ಪುಟದಷ್ಟು ಬರೆಯಿರಿ.